ಟೇಬಲ್ ಮೇಲೆ ಉರಿಯುವ ಲ್ಯಾಂಪ್ ಕಂಬದ ಮೇಲೆ ಯಾಕೆ ಉರಿಯಲಿಲ್ಲ: ನನ್ನ ಅನುಭವ

ಸೋಡಿಯಂ ಲ್ಯಾಂಪನ್ನು ಹೊತ್ತಿಸುವ ಇಗ್ನೈಟರನ್ನು ಕಂಬದ ಬುಡದಿಂದ ಮೇಲೆ ಸಾಗಿಸುತ್ತೇನೆ ಎಂದಾಗ ನಮ್ಮ ಕಡೆಯ ಎಲೆಕ್ಟ್ರಿಷಿಯನ್‌ಗಳಲ್ಲಿ ಒಬ್ಬರೂ ಒಪ್ಪಲಿಲ್ಲ. "ಬಿಸಿಗೆ ಬೆಂದು ಹೋಗ್ತದೆ ಮಾರಾಯ್ರೆ, ಮತ್ತೆ ಪ್ರತಿ ಸಲ ಏಣಿ ಹತ್ತುವುದು ಯಾರು?" ಎಂದೇ ಎಲ್ಲರ ಮಾತು. ಈಗ ಮೂರು ಮಳೆಗಾಲ ಕಳೆಯಿತು. ಹಾಗೆ ಮಾಡಿದ ಐದು ಕಂಬದಲ್ಲಿ ಐದೂ ಉರಿಯುತ್ತಾ ಉಂಟು.

ಮಲ್ಪೆ ದಕ್ಕೆಯ (ಬಂದರುಕಟ್ಟೆಯ) ಹತ್ತಿರ ಬೋಟು ರಿಪೇರಿ ಮಾಡುವ ಯಾರ್ಡ್ ಅದು. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ ಇರುವಾಗಲೇ ಅಲ್ಲಿ ಹಗಲು ರಾತ್ರಿ ಕೆಲಸ. 250 ವ್ಯಾಟಿನ ಸೋಡಿಯಂ ಫಿಟ್ಟಿಂಗ್ 14, ಉರಿಯುತ್ತಿದ್ದದ್ದು ಆರು. ಯಜಮಾನರು ಆಗಲೇ ಹತ್ತು ಸಾವಿರದಷ್ಟು ಲ್ಯಾಂಪಿಗೇ ಹಾಕಿದ್ದರು. ಎಲ್ಲ ಕಿತ್ತು ಎಲ್‌ಇಡಿ ಹಾಕಲು ಒಬ್ಬರು ಎಪ್ಪತ್ತು ಸಾವಿರ ಹೇಳಿ ಹೋಗಿದ್ದರಂತೆ. ಉರಿಯದಿದ್ದರೆ ಕೂಲಿ ಬೇಡ ಎಂದು ನಾನು ಒಪ್ಪಿಕೊಂಡೆ.

ಮೊದಲ ವಾರ ಪೂರಾ ದಂಡ. ಮೂರು ಕಂಬಕ್ಕೆ ಹೊಸ ಇಗ್ನೈಟರ್ ಹಾಕಿದೆ, ಉರಿಯಿತು, ಹಣವೂ ತೆಗೆದುಕೊಂಡೆ. ಎರಡು ದಿನ ಬಿಟ್ಟು ಜಡಿಮಳೆ ಬಂದಾಗ ಮೂರೂ ಕತ್ತಲೆ. ಹಣ ವಾಪಸ್ ಕೊಟ್ಟೆ. ಅದೇ ವಾರ ಇಗ್ನೈಟರ್ ಕಳಚದೆ ಹೋಲ್ಡರಿಗೆ ಮಲ್ಟಿಮೀಟರ್ ಹಿಡಿದು ಎರಡು ಸಾವಿರ ರೂಪಾಯಿಯ ಮೀಟರ್ ಸುಟ್ಟುಕೊಂಡೆ. ಲ್ಯಾಂಪ್ ಹೊತ್ತಿಸಲು ಇಗ್ನೈಟರ್ ಕೊಡುವ ಪೆಟ್ಟು, ಅಂದರೆ ಪಲ್ಸ್, ನಾಲ್ಕು ಸಾವಿರ ವೋಲ್ಟಿನ ಹತ್ತಿರ ಇರುತ್ತದೆ ಎಂದು ಗೊತ್ತಿದ್ದೂ ಅವಸರಕ್ಕೆ ಆದದ್ದು. ಜೀವ ಹೋಗದಿದ್ದದ್ದು ಪುಣ್ಯ.

ಆಮೇಲೆ ಲ್ಯಾಂಪ್ ಮುಟ್ಟುವುದನ್ನೇ ಬಿಟ್ಟು, ವೈರಿಗೆ ಹೊರಗಿನಿಂದಲೇ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಕೂತೆ. ಉರಿಯದ ಕಂಬದ ಬುಡದ ಬಾಕ್ಸಿನಲ್ಲಿ ಎರಡು ಆಂಪಿಯರ್ ಆಸುಪಾಸು ತೋರಿಸಿದರೆ, ಉರಿಯುವಾಗ ಲೈನಿನಿಂದ ಎಳೆಯುವ ಕರೆಂಟ್ ತಗ್ಗಿಸುವ ಕೆಪಾಸಿಟರ್ ಜೀವಂತ ಉಂಟು ಎಂದರ್ಥ, ಸೊನ್ನೆ ಬಂದರೆ ಸತ್ತಿದೆ. ಉರಿಯುವ ಕಂಬ ಒಂದೂವರೆ ಆಂಪಿಯರ್ ಬದಲು ಮೂರು ಎಳೆದರೂ ಅದೇ ಕಥೆ. ಹದಿನಾಲ್ಕರಲ್ಲಿ ಹನ್ನೊಂದು ಸತ್ತಿದ್ದವು. ಕೆಪಾಸಿಟರ್ ಇಲ್ಲದಿದ್ದರೂ ಲ್ಯಾಂಪ್ ಉರಿಯುತ್ತದೆ ಎಂದು ಯಾರೂ ಅದನ್ನು ನೋಡುವುದಿಲ್ಲ. ಆದರೆ ಉದ್ದ ಕೇಬಲಿನಲ್ಲಿ ಎರಡು ಪಟ್ಟು ಕರೆಂಟ್ ಹರಿದರೆ ತುದಿಯ ಕಂಬಕ್ಕೆ ಉಳಿಯುವುದೇನು? ಸಂಜೆ ಏಳಕ್ಕೆ ಕೊನೆಯ ಕಂಬದಲ್ಲಿ 188 ವೋಲ್ಟ್ ಇತ್ತು. ಅಷ್ಟಕ್ಕೆ ಇಳಿದರೆ ಕೆಲವು ಇಗ್ನೈಟರ್ ಪಲ್ಸನ್ನೇ ಕೊಡುವುದಿಲ್ಲ. 33 ಮೈಕ್ರೋಫ್ಯಾರಡಿನವು ಹನ್ನೊಂದು ಹಾಕಿದೆ, ವೋಲ್ಟೇಜ್ 205ರ ಮೇಲೆ ಬಂತು, ಮೂರು ಕಂಬ ತಾವಾಗಿ ಎದ್ದವು.

ಉಳಿದ ಐದು ನನ್ನ ನಿದ್ದೆ ಕೆಡಿಸಿದವು. ಅದೇ ಲ್ಯಾಂಪ್, ಲ್ಯಾಂಪಿನ ಕರೆಂಟ್ ಹಿಡಿತದಲ್ಲಿಡುವ ಅದೇ ಚೋಕ್, ಅದೇ ಇಗ್ನೈಟರ್ ಆದಿಉಡುಪಿಯ ನನ್ನ ಅಂಗಡಿಯ ಟೇಬಲಿನಲ್ಲಿ ಸ್ವಿಚ್ ಹಾಕಿದ ಕೂಡಲೇ ಉರಿಯುತ್ತದೆ, ಕಂಬದಲ್ಲಿ ಇಲ್ಲ. ಹಳೆಯ ಮೀಡಿಯಂ ವೇವ್ ರೇಡಿಯೋ ಒಂದನ್ನು ಬುಡದ ಬಾಕ್ಸಿನ ಹತ್ತಿರ ಹಿಡಿದರೆ ಕರಕರ ಸದ್ದು. ಅಂದರೆ ಪಲ್ಸ್ ಹೊರಡುತ್ತಿದೆ, ಮೇಲೆ ಮುಟ್ಟುತ್ತಿಲ್ಲ. ಈ ರೇಡಿಯೋ ಉಪಾಯ ಈಗಲೂ ಮಾಡುತ್ತೇನೆ, ಸದ್ದಿನಲ್ಲೇ ಮುದಿ ಇಗ್ನೈಟರ್ ಗೊತ್ತಾಗುತ್ತದೆ. ಹೇಗೆ ಎಂದು ಬರೆದು ತಿಳಿಸುವುದು ಕಷ್ಟ, ಕಿವಿಗೆ ಬೀಳಬೇಕು.

ಮೊದಲು ಕೆಲಸ ಮಾಡಿದವರು ಏಣಿ ತಪ್ಪಿಸಲು ಚೋಕ್, ಇಗ್ನೈಟರ್ ಎರಡನ್ನೂ ಬುಡದಲ್ಲೇ ಕೂರಿಸಿದ್ದರು. ಇಗ್ನೈಟರ್ ಮೂರು ವೈರಿನ ಸೀರೀಸ್ ಜಾತಿಯದ್ದು, ಅಂದರೆ ಪಲ್ಸನ್ನು ತಾನೇ ಹುಟ್ಟಿಸಿ ಲ್ಯಾಂಪಿಗೆ ಕಳಿಸುವಂಥದ್ದು. ನಾನು ಒಂದು ಕಂಬದ ಕೇಬಲನ್ನೇ ಕೆಳಗೆ ಎಳೆದು ಅಂಗಡಿಗೆ ತಂದು, ಇಗ್ನೈಟರ್ ಮತ್ತು ಲ್ಯಾಂಪಿನ ನಡುವೆ ಸೇರಿಸಿದೆ. ಹತ್ತು ಮೀಟರ್: ಟೇಬಲ್ ಮೇಲೂ ಉರಿಯಲಿಲ್ಲ! ಎರಡೆರಡು ಮೀಟರ್ ಕತ್ತರಿಸುತ್ತಾ ಬಂದೆ. ಎಂಟಕ್ಕೆ ಏನೂ ಇಲ್ಲ. ಆರಕ್ಕೆ ಲ್ಯಾಂಪಿನ ಒಳಗಿನ ಸಣ್ಣ ಕೊಳವೆಯಲ್ಲಿ (ಆರ್ಕ್ ಟ್ಯೂಬ್) ನೀಲಿ ಮಿಣಮಿಣ, ನಿಲ್ಲುವುದಿಲ್ಲ. ನಾಲ್ಕಕ್ಕೆ ಸ್ವಲ್ಪ ಸತಾಯಿಸಿ ಹಿಡಿಯಿತು. ಕೊನೆಗೆ ಒಂದಕ್ಕೆ ಇಳಿಸಿದಾಗ ತಕ್ಷಣ. ಕೇಬಲಿನ ಎರಡು ವೈರೇ ಕೆಪಾಸಿಟರಿನ ಹಾಗೆ ಪಲ್ಸನ್ನು ನುಂಗುತ್ತಿದ್ದವು, ಮೀಟರಿಗೆ ಸುಮಾರು ನೂರು ಪಿಕೋಫ್ಯಾರಡ್ ಲೆಕ್ಕ. ಹೊಸ ಲ್ಯಾಂಪ್ ಒಣ ಹವೆಯಲ್ಲಿ ಹೇಗೋ ಸುಧಾರಿಸುತ್ತದೆ. ಲ್ಯಾಂಪಿಗೆ ವಯಸ್ಸಾಗಿ, ಹೋಲ್ಡರಿಗೆ ಉಪ್ಪುಗಾಳಿ ಹಿಡಿದ ಮೇಲೆ ಆಗುವುದಿಲ್ಲ.

ಚೋಕ್ ಬುಡದಲ್ಲೇ ಬಿಟ್ಟು ಇಗ್ನೈಟರ್ ಮಾತ್ರ ಮೇಲೆ ಕೊಂಡುಹೋದೆ. ನ್ಯೂಟ್ರಲ್ ಮೇಲೆ ಇದ್ದೇ ಇರುತ್ತದೆ, ಹೊಸ ವೈರ್ ಎಳೆಯಬೇಕಾಗಿಲ್ಲ. ಬಿಸಿ ತಾಗಬಾರದೆಂದು ಲ್ಯಾಂಪಿನ ಗೂಡಿನೊಳಗೆ ಇಡದೆ, ಹಿಂದಿನ ತೋಳಿಗೆ ಸಣ್ಣ ಬಾಕ್ಸ್ ಕಟ್ಟಿದೆ. ಎರಡು ಕಂಬದಲ್ಲಿ ಪಲ್ಸಿನ ವೈರ್ ಹೋಲ್ಡರಿನ ಸುರುಳಿಗೆ, ಅಂದರೆ ಲ್ಯಾಂಪ್ ತಿರುಗಿಸಿ ಕೂರಿಸುವ ಭಾಗಕ್ಕೆ, ಹೋಗಿತ್ತು, ಅದನ್ನು ನಡುವಿನ ಪಿನ್ನಿಗೆ ಬದಲಿಸಿದೆ. ನಾಲ್ಕು ಪಿಂಗಾಣಿ ಹೋಲ್ಡರಿನಲ್ಲಿ ಪಲ್ಸ್ ಸೋರಿ ಕರಿ ಗೆರೆ ಬಿದ್ದಿತ್ತು, ಉಜ್ಜಿ ಪ್ರಯೋಜನ ಇಲ್ಲ, ಬಿಸಾಡಿದೆ. ಹೊಸ ಹೋಲ್ಡರಿನ ಹಿಂಬದಿಗೆ ನಾನು ಹಚ್ಚುವುದು ಎಂತ ಎಂದು ಬಹಳ ಜನ ಕೇಳಿದ್ದಾರೆ. ಅದು ನನ್ನ ಅನ್ನದ ಪ್ರಶ್ನೆ, ಇಲ್ಲಿ ಹೇಳುವುದಿಲ್ಲ.

ಟ್ಯಾಪಿಂಗ್ ಇರುವ, ಅಂದರೆ ಸುತ್ತಿನ ನಡುವಿನಿಂದ ಒಂದು ವೈರ್ ಹೊರಬಂದ, ಚೋಕ್ ಹಾಕಿದರೆ ಇಗ್ನೈಟರ್ ದೂರ ಇಡಬಹುದಲ್ಲ ಎನ್ನುವವರಿಗೆ: ಅದನ್ನೂ ಬೇರೊಂದು ಕಡೆ ನೋಡಿದ್ದೇನೆ. ಪಲ್ಸಿನ ಪೆಟ್ಟು ಚೋಕಿನ ಸುತ್ತಿಗೇ ಬೀಳುತ್ತದೆ. ತೇವ ಹಿಡಿದ ಬಾಕ್ಸಿನಲ್ಲಿ ಒಂದೇ ಮಳೆಗಾಲಕ್ಕೆ ಚೋಕ್ ಹೋಯಿತು, ಸಾವಿರದ ಇನ್ನೂರೋ ಮುನ್ನೂರೋ ನಷ್ಟ.

ಉರಿಯುತ್ತಿದ್ದ ಆರರಲ್ಲಿ ಎರಡು ಹತ್ತು ನಿಮಿಷಕ್ಕೊಮ್ಮೆ ಆರಿ, ತಣಿದು, ಮತ್ತೆ ಉರಿಯುತ್ತಿದ್ದವು. ಅವು ಮಾತ್ರ ನಿಜವಾಗಿ ಮುದಿ ಲ್ಯಾಂಪ್, ಬದಲಿಸಿದೆ. ಒಟ್ಟು ಸಾಮಾನಿಗೆ ಐದು ಸಾವಿರದ ಒಳಗೆ, ಕೂಲಿ ಎಂಟು ಸಾವಿರ, ನನಗೂ ಹುಡುಗನಿಗೂ ಸೇರಿ.

ಬಿಸಿಗೆ ಬೇಯುತ್ತದೆ ಎಂದವರಲ್ಲಿ ಇಬ್ಬರು ಹೋದ ವರ್ಷ ಬಂದು ಬಾಕ್ಸ್ ಕಟ್ಟುವ ಕ್ರಮ ನೋಡಿಕೊಂಡು ಹೋದರು. ಉಳಿದ ಒಂಬತ್ತು ಕಂಬದ್ದನ್ನೂ ಮೇಲೆ ಸಾಗಿಸಲು ಯಜಮಾನರು ಹೇಳಿದ್ದಾರೆ. ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲೇ ಏಣಿ ಇಡಬೇಕು.