ಥೆರಪಿಗೆ ಹೋಗುವುದು ಹೇಗೆ, ಅಲ್ಲಿ ಏನು ಮಾಡಿಸುತ್ತಾರೆ?

ಮನಸ್ಸು ಸರಿಯಿಲ್ಲ ಎಂದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮೊದಲು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ಹರಕೆ ಹೇಳಿಕೊಳ್ಳುತ್ತಾರೆ. ನಂಬಿಕೆ ಇದ್ದವರು ಮಾಡಲಿ. ಆದರೆ ಅದು ಮುಗಿಯಲಿ ಎಂದು ಕಾಯುತ್ತಾ ಚಿಕಿತ್ಸೆಯನ್ನು ಮುಂದೆ ಹಾಕಬೇಡಿ. ಖಿನ್ನತೆಗೂ ಆತಂಕಕ್ಕೂ ಥೆರಪಿಯಿಂದ, ಅಂದರೆ ಮಾತು, ಅಭ್ಯಾಸಗಳ ಚಿಕಿತ್ಸೆಯಿಂದ, ನಿಜವಾಗಿ ಗುಣ ಕಾಣುತ್ತದೆ. ಅಲ್ಲಿ ಕೂರಿಸಿ ಬುದ್ಧಿವಾದ ಹೇಳುತ್ತಾರೆ ಎಂದುಕೊಂಡವರೇ ಜಾಸ್ತಿ. ಹಾಗಲ್ಲ, ಅಲ್ಲಿ ಕೆಲಸ ಕೊಡುತ್ತಾರೆ. ಮನೆಗೆ ಬಂದು ಆ ಕೆಲಸ ಮಾಡಿದಷ್ಟೂ ಲಾಭ.

ಯಾವಾಗ ಹೋಗಬೇಕು?

ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಎರಡು ವಾರವಾದರೂ ಬಿಡದಿದ್ದರೆ, ನಿದ್ದೆ, ಊಟ ಕೆಟ್ಟರೆ, ಮೊದಲು ಇಷ್ಟವಿದ್ದದ್ದೂ ಬೇಡವಾದರೆ ತೋರಿಸಿಕೊಳ್ಳಿ. ಆತಂಕ ಹಲವರಿಗೆ ಮೈಯ ಕಾಯಿಲೆಯಂತೆ ಕಾಣಿಸಿಕೊಳ್ಳುತ್ತದೆ. ಎದೆ ಡವಡವ, ಕೈ ನಡುಕ, ಉಸಿರು ಸಾಲದ ಹಾಗೆ. ಹೃದಯದ ಇಸಿಜಿ ಪರೀಕ್ಷೆ ಸರಿಯಿದ್ದರೂ ಹೆದರಿಕೆ ಹೋಗುವುದಿಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಹೀಗೇ ಆಗಬಹುದು. ಹಾಗಾಗಿ ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟರೆ ಮಾಡಿಸಿ.

ಎಲ್ಲಿಗೆ, ಯಾರ ಹತ್ತಿರ?

ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಉಡುಪಿ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ, ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಆಸ್ಪತ್ರೆ ಇವೆ. ಅಲ್ಲಿಗೆ ಹೋಗಲು ಇನ್ನೂ ಧೈರ್ಯವಿಲ್ಲ ಎಂದರೆ ಮನೆಯಿಂದಲೇ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಔಷಧಿ ಬರೆಯುವವರು ಮನೋವೈದ್ಯರು. ಥೆರಪಿಯನ್ನು ಹೆಚ್ಚಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ (ಮನಶ್ಶಾಸ್ತ್ರಜ್ಞರು) ಮಾಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಹೊರಗಿನ ಬೋರ್ಡ್ ನೋಡಿ ಒಳಗೆ ಹೋಗುವ ಮುಂಚೆ ಅದನ್ನು ಕೇಳಿಕೊಳ್ಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಮೊದಲ ಭೇಟಿ

ಸುಮಾರು ಮುಕ್ಕಾಲು ಗಂಟೆ ಮಾತು ಇರುತ್ತದೆ. ಎದುರು ಕೂತಾಗ ಏನೂ ನೆನಪಾಗುವುದಿಲ್ಲ, ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿಂದ, ಯಾವ ಹೊತ್ತಿಗೆ ಜಾಸ್ತಿ, ಏನೇನು ಮಾಡುವುದು ಬಿಟ್ಟಿದ್ದೀರಿ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ತುಳು, ಕೊಂಕಣಿ, ಬ್ಯಾರಿಯಲ್ಲೇ ಮನಸ್ಸು ಬಿಚ್ಚಲು ಆಗುವುದಾದರೆ ಆ ಭಾಷೆ ಬರುವವರು ಇದ್ದಾರಾ ಎಂದು ಮೊದಲೇ ವಿಚಾರಿಸಿ. ಹೇಳಿದ ವಿಷಯ ಊರಿಡೀ ಸುದ್ದಿಯಾಗುತ್ತದೆ ಎಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಗುಟ್ಟನ್ನು ಕಾಯುತ್ತದೆ. ಜೀವಕ್ಕೇ ಅಪಾಯವಿದೆ ಎಂಬಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬೇಕಾಗಬಹುದು.

ಅಸಲು ಕೆಲಸ

ಹೆಚ್ಚಾಗಿ ಬಳಸುವ ವಿಧಾನ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ). ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದನ್ನು ರೂಪಿಸಿದರು. ನಾವು ಯೋಚಿಸುವ ರೀತಿ, ಮನಸ್ಸಿಗೆ ಅನಿಸುವುದು, ನಾವು ಮಾಡುವುದು, ಈ ಮೂರೂ ಒಂದನ್ನೊಂದು ಎಳೆಯುತ್ತವೆ ಎಂಬುದು ಇದರ ತಿರುಳು.

ಒಬ್ಬ ಮಹಿಳೆಗೆ ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಮ್ಮೆ ಎದೆ ಹೊಡೆದುಕೊಂಡು, ಈಗಲೇ ಸಾಯುತ್ತೇನೆ ಎನಿಸಿತು ಅಂತಿಟ್ಟುಕೊಳ್ಳಿ. ಅರ್ಧ ದಾರಿಯಲ್ಲೇ ಇಳಿದರು. ಇಳಿದ ಕೂಡಲೇ ಹಾಯೆನಿಸಿತು. ತೊಂದರೆ ಇರುವುದೇ ಇಲ್ಲಿ. ಇಳಿದದ್ದರಿಂದಲೇ ಬದುಕಿದೆ ಎಂದು ಮನಸ್ಸು ಲೆಕ್ಕ ಹಾಕಿತು, ಮುಂದಿನ ಸಲ ಹತ್ತಲೂ ಬಿಡಲಿಲ್ಲ. ಥೆರಪಿಸ್ಟ್ ಈ ಲೆಕ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸುತ್ತಾರೆ. ಮೊದಲು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ಕೂತು ಬಸ್ ನೋಡುವುದು. ಆಮೇಲೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹತ್ತಿರದ ಕೊಟ್ಟಾರದವರೆಗೆ. ಮತ್ತೆ ಒಬ್ಬರೇ ಸುರತ್ಕಲ್‌ಗೆ, ಮುಲ್ಕಿಗೆ, ಕೊನೆಗೆ ಉಡುಪಿಗೆ. ಪ್ರತಿ ಸಲ ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡಬೇಕು. ಎದೆ ಹೊಡೆದುಕೊಂಡರೂ ಇಳಿಯದೆ ಕೂತರೆ ಆ ಹೆದರಿಕೆ ತಾನಾಗಿ ಕಡಿಮೆಯಾಗುವುದು ಅವರಿಗೇ ಗೊತ್ತಾಗುತ್ತದೆ. ಎಷ್ಟೇ ಧೈರ್ಯ ಹೇಳಿದರೂ ಬಾರದ ನಂಬಿಕೆ ಹೀಗೆ ಬರುತ್ತದೆ.

ಖಿನ್ನತೆಯಲ್ಲಿ ದಾರಿ ಸ್ವಲ್ಪ ಬೇರೆ. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾದರೆ ಮನಸ್ಸು ಬರುವುದೇ ಇಲ್ಲ. ಅದಕ್ಕೆ ಮೊದಲು ಕೆಲಸ: ಬೆಳಿಗ್ಗೆ ಇಂಥ ಹೊತ್ತಿಗೆ ಸ್ನಾನ, ಹತ್ತು ನಿಮಿಷ ನಡಿಗೆ, ಅಕ್ಕನಿಗೆ ಒಂದು ಫೋನ್. ತೀರಾ ಚಿಕ್ಕದೆನಿಸಬಹುದು. ಹಾಸಿಗೆಯಿಂದ ಏಳಲಾಗದವರಿಗೆ ಅದು ಚಿಕ್ಕದಲ್ಲ.

ಎಷ್ಟು ದಿನ, ಮಾತ್ರೆ ಬೇಕಾ?

ವಾರಕ್ಕೊಮ್ಮೆಯಂತೆ 12ರಿಂದ 20 ಭೇಟಿ ಸಾಮಾನ್ಯ. ತೊಂದರೆ ಜೋರಾಗಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಅದರ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ನೀವಾಗಿ ನಿಲ್ಲಿಸಬೇಡಿ. ನಾಲ್ಕೈದು ಭೇಟಿಯಾದರೂ ಆ ಥೆರಪಿಸ್ಟ್ ಜೊತೆ ಹೊಂದಿಕೆ ಆಗದಿದ್ದರೆ ಅವರಿಗೇ ಹೇಳಿ, ಬೇರೆಯವರ ಹತ್ತಿರ ಹೋಗಿ. ಥೆರಪಿಯನ್ನೇ ಬಿಡಬೇಡಿ. ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯಬೇಡಿ, ಆ ಕ್ಷಣವೇ ಹತ್ತಿರದವರಿಗೆ ಹೇಳಿ. 14416ಕ್ಕೆ ಕರೆ ಮಾಡಿ, ಇಲ್ಲವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೆಯವರಿಗೆ ಒಂದು ಮಾತು. ಜೊತೆಗೆ ಹೋಗಿ, ಹೊರಗೆ ಕೂತಿರಿ. ಬರುವಾಗ ದಾರಿಯಲ್ಲಿ "ಡಾಕ್ಟ್ರು ಏನು ಹೇಳಿದ್ರು?" ಎಂದು ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ. ಆ ವಾರದ ಕೆಲಸದಲ್ಲಿ ನಿಮ್ಮಿಂದ ಏನು ಬೇಕು ಎಂದು ವಿಚಾರಿಸಿ, ಅಷ್ಟನ್ನು ಮಾಡಿಕೊಡಿ.