ನಾರುವ ಗ್ಯಾಸ್‌ಗೆ ಕಾರಣ ಹುಡುಕಿದ್ದು ಹೇಗೆ: ನನ್ನ ಅನುಭವ

ಹೂಸಿನ ಬಗ್ಗೆ ಬಾಯಿ ಬಿಟ್ಟು ಮಾತಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ಆದರೆ ಸುಮಾರು ನಾಲ್ಕು ತಿಂಗಳು ನಾನು ಮೀಟಿಂಗ್‌ನಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ. ಕೊಳೆತ ಮೊಟ್ಟೆಯಂಥ ವಾಸನೆ. ಮನೆಯವರು ಏನೂ ಅನ್ನದೆ ಎದ್ದು ಕಿಟಕಿ ತೆಗೆಯುತ್ತಿದ್ದರು. ಬೈದಿದ್ದರೂ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬೇಳೆ, ಕಾಳು ಬಿಟ್ಟೆ. ಹತ್ತು ದಿನದಲ್ಲಿ ಗ್ಯಾಸ್ ಕಡಿಮೆ ಆಯಿತು. ನಾತ ಮಾತ್ರ ಹಾಗೇ ಇತ್ತು, ಇನ್ನೂ ಸ್ವಲ್ಪ ಜಾಸ್ತಿಯೇ ಅನ್ನಿ. ಗ್ಯಾಸ್ ಎಷ್ಟು ಬರುತ್ತದೆ ಎನ್ನುವುದು ಒಂದು ಪ್ರಶ್ನೆ, ಎಷ್ಟು ನಾರುತ್ತದೆ ಎನ್ನುವುದು ಬೇರೆಯದೇ ಪ್ರಶ್ನೆ ಅಂತ ನನಗೆ ಹೊಳೆದಿದ್ದು ಅಲ್ಲಿಂದಲೇ.

ನಮ್ಮ ಹೊಟ್ಟೆಯ ಗ್ಯಾಸ್‌ನಲ್ಲಿ ನೂರಕ್ಕೆ 99 ಪಾಲಿಗೆ ವಾಸನೆಯೇ ಇಲ್ಲ. ಸಾರಜನಕ, ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಉಳಿದ ಆ ಚೂರೇ ಚೂರಲ್ಲಿ ಗಂಧಕ ಸೇರಿದ ಅನಿಲಗಳಿರುತ್ತವೆ. ಅದರಲ್ಲಿ ಮುಖ್ಯವಾದದ್ದು ಹೈಡ್ರೋಜನ್ ಸಲ್ಫೈಡ್. ಗಾಳಿಯ ನೂರು ಕೋಟಿ ಪಾಲಿನಲ್ಲಿ ಇದು ಕೆಲವೇ ಪಾಲು ಇದ್ದರೂ ಮೂಗು ಹಿಡಿದುಬಿಡುತ್ತದೆ. ದಿನಕ್ಕೆ 10ರಿಂದ 20 ಸಲ ಗ್ಯಾಸ್ ಹೋಗುವುದು ಸಹಜವೇ. ಹಾಗಾಗಿ ನಾನು ಎಣಿಸುವುದನ್ನು ಬಿಟ್ಟು ವಾಸನೆಯ ಹಿಂದೆ ಬಿದ್ದೆ.

ಒಂದು ಪುಸ್ತಕ ಇಟ್ಟೆ. ಪುಟಕ್ಕೆ ನಾಲ್ಕು ಗೆರೆ: ಏನು ತಿಂದೆ, ಯಾವಾಗ ತಿಂದೆ, ವಾಸನೆ ಎಷ್ಟು (0ರಿಂದ 3), ಶೌಚ ಹೇಗಿತ್ತು. ಕೊನೆಯ ಗೆರೆಯನ್ನು ಸುಮ್ನೆ ಇರಲಿ ಅಂತ ಹಾಕಿದ್ದೆ. ಗುಟ್ಟು ಇದ್ದಿದ್ದೂ ಅಲ್ಲೇ.

ಆಗ ನಾನು ಜಿಮ್‌ಗೆ ಸೇರಿ ಆರು ತಿಂಗಳಾಗಿತ್ತು. ದಿನಕ್ಕೆ ನಾಲ್ಕೈದು ಮೊಟ್ಟೆ, ಎರಡು ಸಲ ಹಾಲಿನಲ್ಲಿ ಕಲಸಿದ ವೇ ಪ್ರೋಟೀನ್ ಪುಡಿ. ಹೊಟ್ಟೆ ತುಂಬಿರುತ್ತಿತ್ತು, ಹಾಗಾಗಿ ತರಕಾರಿ, ಹಣ್ಣು, ಧಾನ್ಯ ತಾವಾಗಿಯೇ ಕಡಿಮೆಯಾಗಿದ್ದವು. ಮೊಟ್ಟೆಯಲ್ಲೂ ಈ ಪುಡಿಯಲ್ಲೂ ಗಂಧಕ ಇರುವ ಅಮೈನೋ ಆಮ್ಲಗಳು ಹೇರಳ. ಪುಡಿ ಬಿಟ್ಟೆ, ಮೊಟ್ಟೆ ಎರಡಕ್ಕೆ ಇಳಿಸಿದೆ. 3 ಇದ್ದ ವಾಸನೆ 2ಕ್ಕೆ ಬಂತು. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ.

ಆಮೇಲೆ ಮಾಡಿದ್ದು ಜೋಳದ ಪರೀಕ್ಷೆ, ತಿಂದದ್ದು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಲು. ಒಂದು ವಾರ ಮೆಕ್ಕೆಜೋಳ ಮುಟ್ಟಲಿಲ್ಲ. ಭಾನುವಾರ ರಾತ್ರಿ 8 ಗಂಟೆಗೆ ಒಂದು ಬಟ್ಟಲು ಬೇಯಿಸಿದ ಕಾಳು ತಿಂದೆ, ಜಾಸ್ತಿ ಅಗಿಯದೆ. ಅದರ ಸಿಪ್ಪೆ ಜೀರ್ಣವಾಗುವುದಿಲ್ಲ, ಹಾಗೇ ಹೊರಗೆ ಬರುತ್ತದೆ. ಮಂಗಳವಾರ ಬೆಳಿಗ್ಗೆ ನೋಡಿದೆ, ಇಲ್ಲ. ಬುಧವಾರವೂ ಇಲ್ಲ. ಗುರುವಾರ ಬೆಳಿಗ್ಗೆ ಹಳದಿ ಸಿಪ್ಪೆ ಕಂಡಿತು. 80 ಗಂಟೆಗೂ ಮೇಲೆ! ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೊರಗೆ ಬರಬೇಕಾದದ್ದು. ನಾನು ದಿನಾ ಶೌಚಕ್ಕೆ ಹೋಗುತ್ತಿದ್ದೆ, ಮಲಬದ್ಧತೆ ಇಲ್ಲ ಅಂತ ಗಟ್ಟಿಯಾಗಿ ನಂಬಿದ್ದೆ. ಆದರೆ ದಿನಾ ಹೋಗುತ್ತಿದ್ದದ್ದು ಮೂರು ದಿನ ಹಳೆಯದು. ಪುಸ್ತಕದ ಕೊನೆಯ ಗೆರೆಯಲ್ಲಿ ‘ಗಟ್ಟಿ, ಸ್ವಲ್ಪ’ ಅಂತ ಸಾಲಾಗಿ ನಾನೇ ಬರೆದುಕೊಂಡಿದ್ದೆ!

ತಡವಾದರೆ ಯಾಕೆ ನಾರುತ್ತದೆ? ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮೊದಲ ಆಯ್ಕೆ ನಾರಿನಂಶ, ಪಿಷ್ಟ. ಅದನ್ನು ಹುಳಿಸಿದಾಗ ಗ್ಯಾಸ್ ಬರುತ್ತದೆ, ವಾಸನೆ ಅಷ್ಟಿರುವುದಿಲ್ಲ. ಅದು ಖಾಲಿಯಾದ ಮೇಲೆ ಉಳಿದ ಪ್ರೋಟೀನಿಗೆ ಕೈ ಹಾಕುತ್ತವೆ. ಆಗಲೇ ನಾರುವ ಅನಿಲಗಳು ಹುಟ್ಟುವುದು. ನಾನು ನಾರು ಕೊಡುತ್ತಿರಲಿಲ್ಲ, ಪ್ರೋಟೀನ್ ರಾಶಿ ಹಾಕುತ್ತಿದ್ದೆ, ಮೇಲೆ ಮೂರು ದಿನ ಒಳಗೇ ಕೂರಿಸುತ್ತಿದ್ದೆ. ಇನ್ನೇನಾಗುತ್ತದೆ, ಅಲ್ವಾ?

ಹಾಗಾಗಿ ಬಿಟ್ಟಿದ್ದ ಕಾಳುಗಳನ್ನೇ ವಾಪಸ್ ತಂದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದೆ. ನಾರಿನಂಶವನ್ನು ಎರಡು ಮೂರು ವಾರ ತೆಗೆದುಕೊಂಡು ನಿಧಾನವಾಗಿ ದಿನಕ್ಕೆ 25–30 ಗ್ರಾಂ ತನಕ ಏರಿಸಿದೆ. ಒಮ್ಮೆಗೇ ಏರಿಸಬೇಡಿ, ಹೊಟ್ಟೆ ಉಬ್ಬುತ್ತದೆ. ನೀರು ಹೆಚ್ಚಿಸಿದೆ. ಬೆಳಿಗ್ಗೆ ತಿಂಡಿ ಆದ ಮೇಲೆ ಹತ್ತು ನಿಮಿಷ ಶೌಚಕ್ಕೆ ಸಮಯ ಇಟ್ಟೆ, ಫೋನ್ ಇಲ್ಲದೆ. ಮೊದಲ ವಾರ ಗ್ಯಾಸ್ ಜಾಸ್ತಿಯೇ ಆಯಿತು, ಆದರೆ ವಾಸನೆ 1ಕ್ಕೆ ಇಳಿಯಿತು. ಐದನೇ ವಾರ ಮತ್ತೆ ಜೋಳ ತಿಂದು ನೋಡಿದೆ. ಈ ಸಲ ಭಾನುವಾರದ್ದು ಮಂಗಳವಾರ ಬೆಳಿಗ್ಗೆಯೇ ಬಂತು.

ನನ್ನ ಕಾರಣವೇ ನಿಮ್ಮದೂ ಆಗಿರಬೇಕಿಲ್ಲ. ಹಾಲು ಕುಡಿದು ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗಿ ಭೇದಿಯಾದರೆ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗುತ್ತಿಲ್ಲ ಅಂತ ಅನುಮಾನ ಪಡಬಹುದು. ಎರಡು ವಾರ ಹಾಲು ಕುಡಿಯುವುದನ್ನು ನಿಲ್ಲಿಸಿ ನೋಡಿ. ‘ಸಕ್ಕರೆ ರಹಿತ’ ಚೂಯಿಂಗ್ ಗಮ್‌ನ ಸಾರ್ಬಿಟಾಲ್ ಕೂಡ ಗ್ಯಾಸ್ ತರುತ್ತದೆ. ಎಲೆಕೋಸು, ಹೂಕೋಸು, ಬೆಳ್ಳುಳ್ಳಿ, ಈರುಳ್ಳಿಯಲ್ಲಿ ಗಂಧಕ ಇದೆ, ಆದರೆ ಹೆದರಿ ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಒಂದೊಂದಾಗಿ ನೋಡಿದರೆ ಮಾತ್ರ ಕಾರಣ ಸಿಗುತ್ತದೆ. ಆ್ಯಂಟಿಬಯೋಟಿಕ್ ತೆಗೆದುಕೊಂಡ ಮೇಲೂ ಕೆಲ ದಿನ ವಾಸನೆ ಬದಲಾಗಬಹುದು.

ಇಲ್ಲಿ ಮಾತ್ರ ದಯವಿಟ್ಟು ಗಮನ ಕೊಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಎಣ್ಣೆ ಎಣ್ಣೆಯಾಗಿ ತೇಲುವ ಮಲ, ಇವುಗಳಲ್ಲಿ ಒಂದಿದ್ದರೂ ಪುಸ್ತಕ ಬರೆಯುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಜಿಯಾರ್ಡಿಯಾ ಎಂಬ ಪರಾವಲಂಬಿಯ ಸೋಂಕು, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ಮೇದೋಜೀರಕ ಗ್ರಂಥಿಯ ತೊಂದರೆ, ಇವೆಲ್ಲ ನಾರುವ ಗ್ಯಾಸ್ ಜೊತೆಗೇ ಬರಬಹುದು. ಅವಕ್ಕೆ ಪರೀಕ್ಷೆ ಬೇಕು.

ಈಗಲೂ ಪ್ರಯಾಣದಲ್ಲಿ ಎರಡು ದಿನ ಹೊಟ್ಟೆ ಸರಿಯಾಗಿ ಹೋಗದಿದ್ದರೆ ಮೂರನೇ ದಿನ ಆ ಹಳೇ ವಾಸನೆ ಬರುತ್ತದೆ. ಆಗ ನಾನು ಊಟದಲ್ಲಿ ಏನನ್ನೂ ಬಿಡುವುದಿಲ್ಲ. ನೀರು ಕುಡಿಯುತ್ತೇನೆ, ಹಣ್ಣು ತಿನ್ನುತ್ತೇನೆ, ಅರ್ಧ ಗಂಟೆ ನಡೆಯುತ್ತೇನೆ.