ಅಪ್ಪಯ್ಯನ ಅಪ್ಪೆಮಿಡಿ ಮರ ಉಳಿಸ್ಕೊಂಡ ಕಥೆ: ನನ್ನ ಅನುಭವ

ನಮ್ಮದು ಸಾಗರದ ಕಡೆ. ಹಳ್ಳದ ದಂಡೆ ಮೇಲೆ ಅಪ್ಪಯ್ಯನ ಅಪ್ಪೆ ಮರ ಇತ್ತು, ಉಪ್ಪಿನಕಾಯಿಗೆ ಹಾಕೋ ಪರಿಮಳದ ಮಿಡಿಮಾವು. ಅದರ ಕಡ್ಡಿ, ಅಂದ್ರೆ ಬೇರೆ ಗಿಡಕ್ಕೆ ಕಟ್ಟೋಕೆ ಕೊಯ್ಯೋ ಚಿಗುರು, ಕಸಿಗೆ ಹಿಡಿಯಲ್ಲ ಅಂತ ಹೇಳದೇ ಇದ್ದೋರೇ ಇಲ್ಲ. ಮುದಿ ಮರ, ಅರ್ಧ ಪೊಟರೆ, ಉಳಿದರ್ಧ ಬಂದಳಿಕೆ. "ಅನಂತಭಟ್ಟನ ಅಪ್ಪೆ ಗಿಡ ತಂದು ನೆಡೋ ಮಾರಾಯ" ಅಂದ್ರು ದೊಡ್ಡಪ್ಪ. ಒಳ್ಳೇ ಜಾತಿನೇ, ಆದ್ರೆ ಅದು ಅಪ್ಪಯ್ಯಂದಲ್ವಲ್ಲ.

ಅಪ್ಪಯ್ಯ ಹೋಗಿದ್ದು 2019ರ ಮಳೆಗಾಲದಲ್ಲಿ. ಮಿಡಿ ಕೊಯ್ಯೋಕೆ ಎಪ್ಪತ್ತರ ಮೇಲೂ ತಾವೇ ಮರ ಹತ್ತೋರು, ತೊಟ್ಟು ಸಮೇತ ಬುಟ್ಟೀಲಿಟ್ಟು ಹಗ್ಗದಲ್ಲಿ ಇಳಿಸೋರು, ನೆಲಕ್ಕೆ ಬಿದ್ದ ಮಿಡಿ ಒಂದನ್ನೂ ಭರಣಿಗೆ ಹಾಕಕ್ಕೆ ಬಿಡ್ತಿರಲಿಲ್ಲ. ಬಲಗೆನ್ನೆ ಮೇಲೆ ಸೊನೆ ಸಿಡಿದು ಸುಟ್ಟ ಕಪ್ಪು ಕಲೆ. ನನ್ನ ಮಗಳು ತೊಡೆ ಮೇಲೆ ಕೂತು ಆ ಕಲೆ ಉಜ್ಜಿ ಉಜ್ಜಿ ನೋಡೋಳು, ಅವರು ಒಂದು ಎಲೆ ಹರಿದು ಅಂಗೈಯಲ್ಲಿ ತಿಕ್ಕಿ ಅವಳ ಮೂಗಿಗೆ ಹಿಡಿಯೋರು. ಜೀರಿಗೆ ವಾಸನೆ. ಅಜ್ಜ ಅಂದ್ರೆ ಅವಳಿಗೆ ಇವತ್ತಿಗೂ ಅದೇ.

ವರ್ಷಾಂತಕ್ಕೆ, ಅಂದ್ರೆ ಅಪ್ಪಯ್ಯನ ಮೊದಲ ವರ್ಷದ ತಿಥಿಗೆ, ಬಂದೋರ ಕೈಗೆಲ್ಲ ಒಂದೊಂದು ಕಸಿಗಿಡ ಕೊಡ್ಬೇಕು ಅಂತ ಆಸೆ. ವೈಕುಂಠ ಸಮಾರಾಧನೆ ಮುಗಿದ ವಾರಕ್ಕೇ ಒಂದು ನರ್ಸರಿಯಿಂದ 60 ಬೇರುಗಿಡ (ಕಡ್ಡಿ ಕಟ್ಟೋಕೆ ಬುಡ ಆಗೋ ಸಸಿ) ತಂದೆ, ಒಂದಕ್ಕೆ 30 ರೂಪಾಯಿ, ಕಸಿ ಕಟ್ಟೋರ ಸಂಬಳ, ಗಾಡಿ ಬಾಡಿಗೆ ಎಲ್ಲ ಸೇರಿ ನಾಲ್ಕೂವರೆ ಸಾವಿರ ಹತ್ರ ಹೋಯ್ತು. ಚಿಗುರಿದ್ದು ಮೂರು, ದೀಪಾವಳಿಗೆ ಅವೂ ಒಣಗಿದ್ವು. ಕಿತ್ತು ನೋಡಿದ್ರೆ ಬೇರು ಪ್ಲಾಸ್ಟಿಕ್ ಕೊಟ್ಟೆಯೊಳಗೇ ಸುತ್ಕೊಂಡು ಸಿಂಬಿ ಆಗಿತ್ತು, ಕಡ್ಡಿನೂ ಪೊರಕೆ ಕಡ್ಡಿಯಷ್ಟು ಸಪೂರ. ವರ್ಷಾಂತ ಬರಿಗೈಯಲ್ಲೇ ಆಯ್ತು, ಆ ದಿನ ಬಹಳ ಸಂಕಟ ಆಗಿತ್ತು.

2020ರಲ್ಲಿ ಕಾಡುಮಾವಿನ ಗೊರಟು ಹಾಕಿ ಬೇರುಗಿಡ ನಾನೇ ಮಾಡ್ದೆ, ಕಟ್ಟೋದನ್ನೂ ಕಲಿತೆ. ಕಸಿ ಒಣಗದಿರಲಿ ಅಂತ ಕಡ್ಡಿಗೆ ಐಸ್ ಕ್ಯಾಂಡಿ ಕವರನ್ನ ಟೋಪಿ ಹಾಗೆ ಹಾಕಿದ್ದೆ, ಕಟ್ಟು ಸಡಿಲ ಆಗಿ ನೀರಿಳಿದು ಬೂಸ್ಟು ಬಂತು. 40ರಲ್ಲಿ ಉಳಿದದ್ದು ಸೊನ್ನೆ.

ಆಮೇಲೆ ಹೊಳೀತು, ತಪ್ಪು ಕೈಯದ್ದಷ್ಟೇ ಅಲ್ಲ, ಕಡ್ಡೀದೂ. 2021ರ ಮಾರ್ಚಲ್ಲಿ ಮಿಡಿ ಕೊಯ್ದ ಮೇಲೆ ಬಂದಳಿಕೆ ತೆಗೆಸಿ, ಇದ್ದದ್ದರಲ್ಲಿ ಗಟ್ಟಿ ಅನ್ನೋ ಒಂದು ಕೊಂಬೆಯ ತುದಿ ಸವರಿ, ಬುಡಕ್ಕೆ ನಾಲ್ಕು ಬುಟ್ಟಿ ಗೊಬ್ಬರ ಹಾಕಿಸ್ದೆ. ಜೂನ್ ಹೊತ್ತಿಗೆ ಪೆನ್ಸಿಲ್ ದಪ್ಪದ ಚಿಗುರು ಬಂತು. ಕಡ್ಡಿ ಕೊಯ್ಯೋ ಹತ್ತು ದಿನ ಮುಂಚೆ ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿದೆ, ತೊಟ್ಟು ಉದುರಿ ಮೊಗ್ಗು ಉಬ್ಬಿದ ಮೇಲೇ ಕೊಯ್ದೆ. ಕಟ್ಟಿದ್ದು ಕೊಟ್ಟೆ ಗಿಡಕ್ಕಲ್ಲ, ಹಿತ್ತಲಲ್ಲಿದ್ದ ಆರು ವರ್ಷದ ಕಾಡುಮಾವಿನ ಮರಕ್ಕೆ, ಎದೆಮಟ್ಟಕ್ಕೆ ಕಡಿಸಿ ಬಂದಿದ್ದ ಚಿಗುರಿಗೆ. ಐದು ಕಟ್ಟಿದ್ದೆ, ಎರಡು ಹಿಡೀತು. ಆ ಎರಡೇ ಸಾಕಾಯ್ತು! 2022ರ ಆಗಸ್ಟ್ ಗಾಳಿಗೆ ಹಳ್ಳದ ಮರ ಬುಡಸಮೇತ ಬಿತ್ತು, ಅಮ್ಮ ಅವತ್ತು ಊಟ ಮಾಡ್ಲಿಲ್ಲ. ಆದ್ರೆ ಹಿತ್ತಲಲ್ಲಿ ಅದೇ ಮರದ ಎರಡು ಕೊಂಬೆ ಬೆಳೀತಾ ಇದ್ವು. 2023ರಲ್ಲಿ ಅವುಗಳಿಂದ್ಲೇ ಕಡ್ಡಿ ತೆಗೆದು 50ರ ಹತ್ರ ಕಟ್ಟಿದೆ, 41 ಹಿಡೀತು. ಹಳೇ ಕಸಿ ಕೈಗಳೂ ಬಂದು ನೋಡಿ ಹೋದ್ರು. ಕಡ್ಡಿನ ಯಾವುದ್ರಲ್ಲಿ ಅದ್ದಿ ಕಟ್ತೀನಿ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಮಧ್ಯೆ ಇನ್ನೊಂದು ನೋಡಿದೆ, ಕಡ್ಡಿ ಎಷ್ಟು ದಿನ ಇಡಬಹುದು ಅಂತ. ಒದ್ದೆ ಪೇಪರಲ್ಲಿ ಸುತ್ತಿದ್ದು ಮೂರೇ ದಿನಕ್ಕೆ ಕಪ್ಪಾಯ್ತು, ಫ್ರಿಜ್ಜಲ್ಲಿಟ್ಟಿದ್ದು ಒಂದೂ ಹಿಡೀಲಿಲ್ಲ, ಬಾಳೆಪಟ್ಟೆಯಲ್ಲಿ ಕಟ್ಟಿದ್ದು ಐದನೇ ದಿನಕ್ಕೂ ಹಿಡೀತು.

ಒಟ್ಟು ಖರ್ಚು 18-19 ಸಾವಿರ ಆಗಿರ್ಬೇಕು, ನೆರಳು ಬಲೆ ಸೇರಿ. 2024ರ ತಿಥಿಗೆ ಬಂದೋರಿಗೆ 32 ಗಿಡ ಕೊಟ್ಟೆ, ಬೆಂಗಳೂರಿನ ತಂಗಿ ತಾರಸಿ ಮೇಲೆ ಡ್ರಮ್ಮಲ್ಲಿಟ್ಟಿದ್ದಾಳೆ. ಕಳೆದ ಸಲ ಹಿತ್ತಲ ಕೊಂಬೇಲಿ ಹನ್ನೊಂದು ಮಿಡಿ ನಿಂತಿತ್ತು. ಹನ್ನೊಂದನ್ನೂ ಅಮ್ಮ ಹರಳುಪ್ಪಲ್ಲಿ ಹಾಕಿಟ್ಟಿದ್ದಾರೆ, ಮುಚ್ಚಳ ತೆಗೆದಾಗೆಲ್ಲ ಮಗಳು ಓಡಿ ಬರ್ತಾಳೆ.

ಕಡ್ಡಿ ಬೇಕಾದೋರು ಜೂನ್ ಮೂರನೇ ವಾರ ಬನ್ನಿ, ಬಾಳೆಪಟ್ಟೆ ನಮ್ಮಲ್ಲೇ ಇದೆ. ದುಡ್ಡು ಬೇಡ, ಈ ಮರದ ಮಿಡಿಗೆ ಅಪ್ಪಯ್ಯ ಯಾರ ಹತ್ರಾನೂ ದುಡ್ಡು ತಗೊಂಡೋರಲ್ಲ.